ಕಡಲು ನೋಡದ ಪ್ರವಾಸಿಗರು

ಸ್ನೇಹಿತರೆ, ಇಂದು ಬೆಳಿಗ್ಗೆ ಸುಮಿತ್ರಕ್ಕ, ನಾನು ಮ್ಯಾನೇಜರಾಗಿರುವ ಕಾರವಾರದ ಲಾಡ್ಜಿಗೆ ಬಂದು ಪ್ರವಾಸೋದ್ಯಮ ಇಲಾಖೆಯ ಒಂದು ನೋಟಿಸನ್ನು ನನ್ನ ಮುಂದಿಟ್ಟರು. ಕಡಲತೀರದಲ್ಲಿ ಅವರದು ಮೀನೂಟದ ಅಂಗಡಿ. ಕೊರೊನಾ ನಂತರ ಗಿರಾಕಿಗಳಿಲ್ಲದೆ ವಾರದ ದಿನಗಳಲ್ಲಿ ಮುಚ್ಚಿರುತ್ತದೆ. ಲಾಡ್ಜುಗಳು ತುಂಬಿ ಪ್ರವಾಸಿಗರು ಮರಳಿದ್ದರೂ ಅಂಗಡಿ ತೆರೆಯದ ಕಾರಣ ಜಾಗವನ್ನು ಬೇರೆಯವರಿಗೆ ಕೊಡಲಾಗುವುದು ಎಂದು ನೋಟಿಸಿನಲ್ಲಿತ್ತು.

"ಬಾಯೋರೆ, ಲಾಡ್ಜ್ ತುಂಬಿದೆ ಅಂತ ಬರ್ದ್ ಕೊಟ್ಟವ್ರು ನೀವೇ ಅಲ್ದಾ? ಮತ್ತೆ ನನ್ನ ಬಂಗ್ಡೆ ತಿನ್ನುಕೆ ಒಬ್ರೂ ಯಾಕ್ ಬರೂದಿಲ್ಲ?"

ಬರೆದವಳು ನಾನೇ. ಪ್ರವಾಸೋದ್ಯಮ ಎಷ್ಟು ಚೇತರಿಸಿಕೊಂಡಿದೆ ಎಂದು ತಿಳಿಯಲು ಇಲಾಖೆಯಿಂದ ತಿಂಗಳಿಗೊಮ್ಮೆ ಬರುವ ಫಾರ್ಮಿನಲ್ಲಿ ಇರುವುದು ಒಂದೇ ಪ್ರಶ್ನೆ: ಎಷ್ಟು ಕೋಣೆ ತುಂಬಿದೆ? ನಮ್ಮಲ್ಲಿರುವವರೆಲ್ಲ ಕೈಗಾ ಅಣುಸ್ಥಾವರದ ಗುತ್ತಿಗೆ ಕೆಲಸಕ್ಕೆ ಬಂದವರು. ನಸುಕಿಗೆ ಬಸ್ಸು ಹತ್ತುತ್ತಾರೆ, ಊಟ ಅಲ್ಲಿಯೇ ಮುಗಿಸಿ ಸಂಜೆ ಬಂದು ಬಟ್ಟೆ ಒಗೆದು ಮಲಗುತ್ತಾರೆ.

ಇಲಾಖೆಯ ಕಚೇರಿಗೆ ಫೋನ್ ಮಾಡಿ ಸುಮಿತ್ರಕ್ಕನ ವಿಷಯ ಹೇಳಿದೆ. "ನಮ್ಮ ಲಾಡ್ಜಿನಲ್ಲಿರುವವರು ಪ್ರವಾಸಿಗರಲ್ಲ ಸರ್, ಕೆಲಸಗಾರರು."

"ರೂಮ್ ತುಂಬಿದೆ ತಾನೇ ಮೇಡಂ? ಕೆಲಸಗಾರರಿಗೆ ನಮ್ಮಲ್ಲಿ ಕಾಲಂ ಇಲ್ಲ. ಆ ಅಮ್ಮಂಗೆ ಅಡುಗೆ ಸ್ವಲ್ಪ ರುಚಿಯಾಗಿ ಮಾಡೋಕೆ ಹೇಳಿ."

ಮೈಯೆಲ್ಲ ಉರಿಯಿತು. ಸುಮಿತ್ರಕ್ಕನ ಊಟ ತಿಂದೇ ನೋಡದವನ ಮಾತು ಅದು. ಆದರೆ "ಪೂರ್ತಿ ಭರ್ತಿ" ಎಂದು ಬರೆಯುವಾಗ ನನಗೂ ಹೆಮ್ಮೆಯಾಗಿತ್ತಲ್ಲ? ಆ ಹೆಮ್ಮೆಗೆ ಸುಮಿತ್ರಕ್ಕನ ಜಾಗ ಹೋಗುತ್ತಿದೆ. ಇದ್ದ ಸಂಗತಿಯನ್ನು ಹಾಳೆಯಲ್ಲಿ ಬರೆದು ಸಹಿ ಹಾಕಿ, ಅವರ ಜೊತೆಗೇ ಹೋಗಿ ಕಚೇರಿಗೆ ಕೊಟ್ಟು ಬಂದೆ. ತೆಗೆದುಕೊಂಡವರು ಓದಲಿಲ್ಲ.

ಈಗ ಸಂಜೆ. ಕಾರವಾರಕ್ಕೆ ಮರಳಿದ ಪ್ರವಾಸಿಗರು ನಮ್ಮ ತಾರಸಿಯಲ್ಲಿ ಕಡಲಿಗೆ ಬೆನ್ನು ಹಾಕಿ ನಾಳಿನ ಸಮವಸ್ತ್ರ ಒಣಹಾಕುತ್ತಿದ್ದಾರೆ.