ಹಿಟ್ನಾಳ ದಾಟಿ ಎರಡನೆಯ ಬಾಟಲಿ

ಓಬಳೆಪ್ಪ ಇಪ್ಪತ್ತೊಂಬತ್ತು ವರ್ಷ ಕೊಪ್ಪಳ–ಗಂಗಾವತಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಹಿಟ್ನಾಳದ ತನ್ನ ಮನೆಯ ಹಿಂದೆ, ಮೊದಲು ಎಮ್ಮೆ ಕಟ್ಟುತ್ತಿದ್ದ ಜಾಗಕ್ಕೆ ತಗಡು ಹೊದಿಸಿ, ಮರ ಕಡೆಯುವ ಸಣ್ಣದೊಂದು ಲೇತು ಇಟ್ಟುಕೊಂಡ. ಮಾರುವುದಕ್ಕಲ್ಲ. ಬೇವಿನ ತುಂಡೊಂದು ತಿರುಗುತ್ತ ತಿರುಗುತ್ತ ಲಟ್ಟಣಿಗೆಯಾಗುವುದನ್ನು ನೋಡುವುದೇ ಅವನಿಗೆ ಸುಖ.

ಅವನಿಗೆ ಕಾಟ ಕೊಟ್ಟದ್ದು ಸಣ್ಣ ಸಾಮಾನುಗಳು. ಸ್ಕ್ರೂ, ವಾಷರ್, ಮರದ ಗೂಟ ಕೈಜಾರಿ ಹೊಟ್ಟಿನಲ್ಲಿ ಬಿದ್ದರೆ ಸಂಜೆಯವರೆಗೂ ಹುಡುಕಬೇಕು. ಕೊನೆಗೆ ಒಂದು ಉಪಾಯ ಹೊಳೆಯಿತು. ತಲೆಗೆ ತಗಲದಷ್ಟು ಎತ್ತರದಲ್ಲಿ ಉದ್ದನೆಯ ಹಲಗೆಯೊಂದನ್ನು ಕೂರಿಸಿ, ಅದರ ಅಡಿಗೆ ಬಾಟಲಿಗಳ ಮುಚ್ಚಳಗಳನ್ನು ಮೊಳೆ ಹೊಡೆದು ಹಚ್ಚಿದ. ಬಾಟಲಿಯನ್ನು ಕೆಳಗಿನಿಂದ ತಿರುವಿದರೆ ಕೈಗೆ ಬರುತ್ತದೆ, ಮತ್ತೆ ತಿರುವಿದರೆ ಮೇಲೆ ನಿಲ್ಲುತ್ತದೆ. ಯಾವುದರಲ್ಲೂ ಚೀಟಿ ಇಲ್ಲ. ಒಳತುದಿಯ ಬಾಟಲಿ ಕೊಪ್ಪಳ, ಬಾಗಿಲ ಕಡೆಯದು ಗಂಗಾವತಿ, ನಡುವೆ ಬಸ್ಸು ನಿಲ್ಲುವ ಊರುಗಳು ಸಾಲಾಗಿ. ತಮ್ಮೂರಿನ ಬಾಟಲಿಗೆ ಮಾತ್ರ ಪ್ರೀತಿಯಿಂದ ಕೆಂಪು ದಾರ ಕಟ್ಟಿದ್ದ. ಕಣ್ಣು ಮುಚ್ಚಿಕೊಂಡೂ ಅವನ ಕೈ ಸರಿಯಾದ ಊರಿನಲ್ಲಿ ಇಳಿಯುತ್ತಿತ್ತು. ಆ ಕೋಣೆಗೆ ಹೆಂಡತಿ ಹುಲಗಮ್ಮನನ್ನು ಕಸ ಹೊಡೆಯುವುದಕ್ಕೂ ಬಿಡುತ್ತಿರಲಿಲ್ಲ.

ಈ ವರ್ಷ ಓಬಳೆಪ್ಪನ ಕಣ್ಣಿನ ಪೊರೆ ತೆಗೆಸಿದರು. ಒಂದು ತಿಂಗಳು ದೂಳಿಗೆ ಹೋಗಬಾರದು, ಬಗ್ಗಬಾರದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಅದೇ ವಾರ ಕುಷ್ಟಗಿಯಿಂದ ಮಗಳು ಭವಾನಿಯ ಫೋನು ಬಂತು: ಕೂಸು ಗೋಡೆ ಹಿಡಿದು ನಿಲ್ಲುತ್ತಿದೆ, ಭಾನುವಾರ ಕರೆದುಕೊಂಡು ಬರುತ್ತೇನೆ. ಕೂಸಿಗೆಂದು ಓಬಳೆಪ್ಪ ಹಿಡಿದು ನಡೆಯುವ ಮೂರು ಗಾಲಿಯ ಗಾಡಿ ಮಾಡಹೊರಟಿದ್ದ. ಗಾಲಿ, ಹಿಡಿಕೆ ಎಲ್ಲ ಕಡೆದಾಗಿತ್ತು, ಕೂಡಿಸುವುದಷ್ಟೇ ಬಾಕಿ. ಆದರೆ ಒಮ್ಮೆ ತಾನೇ ನಡೆಯಲು ಕಲಿತ ಕೂಸು ಆ ಗಾಡಿಯನ್ನು ತಿರುಗಿಯೂ ನೋಡುವುದಿಲ್ಲ. ತಿಂಗಳು ಕಾಯುವಂತಿರಲಿಲ್ಲ.

ಬೇರೆ ದಾರಿಯಿಲ್ಲದೆ ಹುಲಗಮ್ಮನನ್ನು ಆ ಕೋಣೆಯೊಳಗೆ ಕಳಿಸಿದ. ತಾನು ಅಂಗಳದ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ. ಗಾಲಿಗೆ ಹಾಕುವ ವಾಷರ್ ಕೆಂಪು ದಾರದ ಹಿಟ್ನಾಳ ದಾಟಿ ಎರಡನೆಯದರಲ್ಲಿದೆ ಎಂದು ಹೇಳಿದ. ಅವಳು ತಂದಳು, ಅವನು ಹೇಳಿದಂತೆ ಒಂದಿಡೀ ಮಧ್ಯಾಹ್ನ ಕುಳಿತು ಬಿಗಿದಳು. ಎಳೆದು ನೋಡಿದರೆ ಗಾಲಿಗಳು ಕಳಚಿ ಅಂಗಳದ ತುಂಬ ಉರುಳಿದವು. ಓಬಳೆಪ್ಪ ವಾಷರನ್ನು ಬೆರಳಲ್ಲಿ ಸವರಿ ನೋಡಿದ. ಬೇಕಾದದ್ದಕ್ಕಿಂತ ಎರಡರಷ್ಟು ದೊಡ್ಡದು.

“ನೀ ಕೊಪ್ಪಳದ ಕಡಿಗೆ ಹೋದಿ,” ಎಂದ. “ನಾ ನಿನ್ನ ಗಂಗಾವತಿ ಕಡಿಗೆ ಕಳಿಸಿದ್ದೆ.”

“ಬಾಗಿಲಾ ಇರೋದ ಗಂಗಾವತಿಯಾಗ. ಅಲ್ಲಿಂದ ಒಳಗ ಹೋದಾಕಿ ಹಿಟ್ನಾಳ ದಾಟಿದ್ರ ಕೊಪ್ಪಳಕ್ಕ ಹೋಗದ ಎಲ್ಲಿಗೆ ಹೋಗ್ಲಿ? ಒಂದೊಂದು ಚೀಟಿ ಹಚ್ಚಿದ್ರ ನಿಮ್ಮ ಗಂಟೇನು ಹೋಗ್ತಿತ್ತು?”

“ದಾರಿ ಗೊತ್ತಿದ್ದಾವಗ ಚೀಟಿ ಯಾಕ?”

ಹುಲಗಮ್ಮ ಸೀರೆಯ ಹೊಟ್ಟು ಕೊಡವಿಕೊಂಡು ಮಂಚದ ತುದಿಗೆ ಕುಳಿತಳು. ಆಗಲೇ ಶುಕ್ರವಾರ.

“ನಿಮಗ ಊರು ಅಂದ್ರ ಸ್ಟಾಪು,” ಎಂದಳು. “ನನಗ ಊರು ಅಂದ್ರ ಮಂದಿ. ಆ ವಾಷರ್ ಇರೋದು ಯಾವ ಊರು?”

“ಶಿವಪುರ.”

“ಶಿವಪುರದಾಗ ಯಾರು ಹತ್ತತಿದ್ರು, ಹೇಳ್ರಿ.”

ಓಬಳೆಪ್ಪ ಯೋಚಿಸಿದ. ಸೋಮವಾರಕ್ಕೊಮ್ಮೆ ಬುಟ್ಟಿ ಹೊತ್ತು ಹತ್ತುತ್ತಿದ್ದ ಬಳೆಗಾರ್ತಿ ಮೈಮುನಬಿಯ ಸುದ್ದಿ ಹೇಳಿದ. ಆ ಬುಟ್ಟಿಯನ್ನು ಬೇರೆ ಯಾರಿಗೂ ಮುಟ್ಟಗೊಡದೆ ಅವನೇ ಮೇಲೆತ್ತಿ ಇಡುತ್ತಿದ್ದ.

“ಹಂಗಾದ್ರ ಸಣ್ಣ ವಾಷರ್ ಅಂದ್ರ ಮೈಮುನಬಿ ಮಾರೋ ಬಳಿ. ಇನ್ನ ಮರಿಯಂಗಿಲ್ಲ. ಮುಂದ ಹೇಳ್ರಿ.”

ಅಲ್ಲಿಂದ ಮಾತು ಬೆಳೆಯಿತು. ಉದ್ದ ಸ್ಕ್ರೂಗಳಿದ್ದ ಗಿಣಿಗೇರಾಕ್ಕೆ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಹತ್ತಬೇಕಾದಷ್ಟು ಎತ್ತರದ ಶೇಖರಮ್ಮ ಟೀಚರ್ ಬಂದಳು. ಗಿಡ್ಡ ಗೂಟಗಳ ಆನೆಗೊಂದಿಗೆ, ಗಿಡ್ಡ ಬಾಳೆಹಣ್ಣು ಮಾರುವ ಪಕ್ಕೀರವ್ವ. ಸಾಣಾಪುರದಲ್ಲಿ ಒಬ್ಬಳು ದಿನಾ ಚಿಲ್ಲರೆಗಾಗಿ ಜಗಳ ಮಾಡಿ, ಇಳಿಯುವಾಗ ಅವನ ಕೈಗೆ ಹಿಡಿ ಶೇಂಗಾ ಹಾಕುತ್ತಿದ್ದಳು. ಅವಳ ಹೆಸರನ್ನು ಅವನು ಎಂದೂ ಕೇಳಿರಲಿಲ್ಲ. ಹೊಸಳ್ಳಿಯಲ್ಲಿ ಮಾತ್ರ ಯಾರ ಮುಖವೂ ನೆನಪಾಗಲಿಲ್ಲ. ಆ ಬಾಟಲಿಯಲ್ಲಿ ಬರೀ ಸೊಟ್ಟ ಮೊಳೆಗಳಿದ್ದದ್ದರಿಂದ ತೊಂದರೆಯಾಗಲಿಲ್ಲ. ಅಷ್ಟೊಂದು ಜನ ತನ್ನೊಳಗೆ ಕುಳಿತಿದ್ದಾರೆಂದು ಓಬಳೆಪ್ಪನಿಗೇ ಗೊತ್ತಿರಲಿಲ್ಲ. ಹುಲಗಮ್ಮ ಅಂಥವರ ಸುದ್ದಿಯನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು.

ಶನಿವಾರ ಅವಳು ಒಂದು ಸಾಮಾನನ್ನೂ ಎರಡು ಸಲ ಹುಡುಕಲಿಲ್ಲ. ಸಂಜೆಗೆ ಗಾಡಿ ಮೂರೂ ಗಾಲಿಯ ಮೇಲೆ ನಿಂತಿತು.

ಭಾನುವಾರ ಬಂದ ಕೂಸು ಮೊದಲು ಗಾಡಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಜ್ಜನ ಕಪ್ಪು ಕನ್ನಡಕ ಕೀಳಲು ಒದ್ದಾಡಿತು. ಹುಲಗಮ್ಮ ಕೂಸನ್ನು ಎತ್ತಿಕೊಂಡು ಹೋಗಿ ಅದರ ಎರಡೂ ಕೈಗಳನ್ನು ಗಾಡಿಯ ಹಿಡಿಕೆಯ ಮೇಲಿಟ್ಟು ಹಿಂದೆ ಸರಿದಳು. ಕೂಸು ಒಂದು ಹೆಜ್ಜೆ ಇಟ್ಟಿತು. ಅನುಮಾನದಿಂದ ನಿಂತಿತು. ಆಮೇಲೆ ಗಾಡಿ ಹೊರಟಿತು.

ಓಬಳೆಪ್ಪನಿಗೆ ಕಂಡದ್ದು ಮಸುಕಾಗಿ ಸರಿಯುವ ಹಳದಿ ಅಂಗಿಯಷ್ಟೇ. ಅವನು ಕಿವಿಯಿಟ್ಟು ಕೇಳಿದ. ಮೂರೂ ಗಾಲಿ ಒಂದೇ ಸದ್ದು ಮಾಡುತ್ತಿದ್ದವು.

“ಛಲೋ ಕೂಡಿಸಿದಿ,” ಎಂದ ಹೆಂಡತಿಗೆ.

“ಕಾಲ ಮ್ಯಾಲೆ ತಗೊಳ್ರಿ,” ಎಂದಳು ಹುಲಗಮ್ಮ. “ಆಕಿ ನಿಮ್ಮ ಕಡಿಗೇ ಬರಾಕತ್ತಾಳ.”