ಹೊಸ ಗೋಡೆಗೆ ಮೊದಲ ಮೊಳೆ

ನನಗಾಗ ಅರವತ್ತೊಂದು. ಹತ್ತು ವರ್ಷದ ಹಿಂದಿನ ಮಾತು. ಬಾಡಿಗೆಗೆ ಮನೆ ಕೇಳಿಕೊಂಡು ನರ್ಸಮ್ಮ ನಂಜನಗೂಡಿನ ನನ್ನ ಮನೆಗೆ ಬಂದಾಗ ಗೇಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಎಡಗೈ ಹೆಬ್ಬೆರಳಿನ ಉಗುರು ಹುರಿದ ಹುಣಸೆಬೀಜದ ಹಾಗೆ ಕಪ್ಪಗೆ, ದಪ್ಪಗೆ ಇತ್ತು. ಉಳಿದ ಒಂಬತ್ತು ಉಗುರುಗಳನ್ನು ಆಸ್ಪತ್ರೆಯವರ ಶಿಸ್ತಿನಲ್ಲಿ ಒಪ್ಪವಾಗಿ ಕತ್ತರಿಸಿದ್ದರು.

ಅವರು ಕೇಳಿದ ಮೊದಲ ಮಾತೇ, "ಅಕ್ಕ, ಗೋಡೆಗೆ ಮೊಳೆ ಹೊಡೀಬೋದಾ?"

"ಮೊಳೆ ಗಿಳೆ ಒಡ್ಯಂಗಿಲ್ಲ. ನಾನೇ ನೀರು ಒಡ್ದು ನೆನ್ಸಿರೋ ಗ್ವಾಡೆ" ಅಂದೆ.

ಅದು ನಿಜ. ಮೂವತ್ತು ವರ್ಷ ಗಾರೆ ಕೆಲಸದಲ್ಲಿ ಕಂಡವರ ಮನೆಗೆಲ್ಲ ಬಾಂಡ್ಲಿ ಹೊತ್ತವಳು ನಾನು. ಮೇಸ್ತ್ರಿಯಾಗಿದ್ದ ಗಂಡ ಸತ್ತ ಮೇಲೆ, ಹದಿನಾರು ಅನ್ನೋ ಊರಿನ ಹತ್ತಿರವಿದ್ದ ತುಂಡು ಜಮೀನು ಮಾರಿ ಇಲ್ಲಿ ಸಾಲಾಗಿ ಮೂರು ಸಣ್ಣ ಮನೆ ಕಟ್ಟಿಸಿದೆ. ಹಿಂದಿನ ಕೋಣೆ ನನಗೆ. ತಾಂಡ್ಯದ ಫ್ಯಾಕ್ಟರಿಗಳಿಗೆ ಹೋಗುವವರು ಬಾಡಿಗೆಗೆ ಬರುತ್ತಾರೆ, ಕೂತು ಉಣ್ಣಬಹುದು ಅಂದುಕೊಂಡಿದ್ದೆ.

ನಾಲ್ಕು ತಿಂಗಳಾದರೂ ಮೂರೂ ಖಾಲಿ. ಬಂದವರು ಬಾಗಿಲ ಮೇಲಿನ ಬುದ್ಧನ ಟೈಲ್ಸ್ ನೋಡುತ್ತಿದ್ದರು. "ನೀವು ಯಾವ ಜನ?" ಎಂದು ಕೇಳುತ್ತಿದ್ದರು. "ಕೇರಿಯೋರು ಕಣಪ್ಪ" ಎಂದರೆ, "ಮನೇಲಿ ಕೇಳ್ಕೊಂಡು ಬತ್ತೀವಿ" ಎಂದು ಹೋಗುತ್ತಿದ್ದರು. ಯಾವ ಮನೆಯಲ್ಲಿ ಕೇಳಿದರೋ, ಒಬ್ಬರೂ ತಿರುಗಿ ಬರಲಿಲ್ಲ.

ಎದುರು ಸಾಲಿನಲ್ಲಿ ಆರು ಬಾಡಿಗೆ ಮನೆ ಇಟ್ಟುಕೊಂಡಿದ್ದ ಯಜಮಾನನೊಬ್ಬನಿದ್ದ. "ಆ ಟೈಲ್ಸ್ ಕೀಳ್ಸಿ ಬ್ಯಾರೆ ದ್ಯಾವ್ರುದ್ನ ಆಕ್ಸಮ್ಮ. ಇಲ್ಲಾಂದ್ರೆ ನಂಗೇ ಮಾರ್ಬುಡು" ಅನ್ನುತ್ತಿದ್ದ. ನನ್ನ ಅಳಿಯನೂ ಅವನ ಕಡೆಯೇ. ಯುಗಾದಿಯೊಳಗೆ ಮೂರೂ ತುಂಬದಿದ್ದರೆ ಮಾರಿಬಿಡುವುದು ಎಂದು ಮನೆಯಲ್ಲಿ ಮಾತಾಗಿತ್ತು. ನಾನೂ ಹೂಂ ಅಂದಿದ್ದೆ. ಯುಗಾದಿಗೆ ಇನ್ನು ಮೂರು ತಿಂಗಳಿತ್ತು.

ನರ್ಸಮ್ಮನಿಗೂ ನನ್ನ ಕಾನೂನೆಲ್ಲ ಒಪ್ಪಿಸಿದೆ. ನೆಂಟರು ಬಂದರೆ ಎರಡೇ ದಿನ. ತಾರಸಿಯಲ್ಲಿ ಮೆಣಸಿನಕಾಯಿ ಒಣಗಹಾಕುವಂತಿಲ್ಲ. ನಾನು ಮೋಟರ್ ಹಾಕಿದಾಗ ಮಾತ್ರ ನೀರು. ಒಂಬತ್ತಕ್ಕೆ ಗೇಟಿಗೆ ಬೀಗ.

"ಬಂದೋರಿಗೆಲ್ಲ ಇದನ್ನೇ ಹೇಳಿದ್ರಾ ಅಕ್ಕ?"

"ಊಂ ಮತ್ತೆ. ಮೊದ್ಲೇ ಏಳ್ಬುಟ್ರೆ ಒಳ್ಳೇದಲ್ವಾ?"

ಅವರು ಗೇಟು ಹಿಡಿದುಕೊಂಡು ನಕ್ಕರು. "ಹಂಗಾದ್ರೆ ಅರ್ಧ ಜನ ನಿಮ್ಮ ಜಾತಿಗೆ ಹೆದರಿ ಹೋಗವ್ರೆ, ಇನ್ನರ್ಧ ನಿಮ್ಮ ಬಾಯಿಗೆ. ಜಾತಿಗೆ ನೀವೇನೂ ಮಾಡ್ಬೇಕಾಗಿಲ್ಲ, ಮುಚ್ಚಿಡಲೂ ಬ್ಯಾಡಿ. ಬಾಯನ್ನ ಮಾತ್ರ ಒಸಿ ರಿಪೇರಿ ಮಾಡಿಸ್ಕೊಳಿ."

ಮೈ ಉರಿದುಹೋಯಿತು. ಆದರೂ ನಡುವಿನ ಮನೆಯ ಬೀಗದ ಕೈ ಕೊಟ್ಟೆ. ಬೇರೆ ಯಾರಿದ್ದರು ಕೊಡಲಿಕ್ಕೆ?

ನರ್ಸಮ್ಮ ಮದುವೆಯಾದವರಲ್ಲ. ಬನ್ನೂರು, ನರಸೀಪುರ, ನಂಜನಗೂಡು ಎಂದು ವರ್ಗವಾದ ಕಡೆಯೆಲ್ಲ ಬಾಡಿಗೆ ಮನೆಯಲ್ಲೇ ಇದ್ದವರು. ನನ್ನದು ಅವರಿಗೆ ಒಂಬತ್ತನೆಯ ಮನೆ. ಡ್ಯೂಟಿ ಮುಗಿಸಿ ಬಂದು, ನಲ್ಲಿಯಲ್ಲಿ ಕಾಲು ತೊಳೆದು, ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತರೆಂದರೆ ನನಗೆ ಪಾಠ ಶುರು. ಬಚ್ಚಲಲ್ಲಿ ಸೋಪಿಡಲು ಜಾಗವಿಲ್ಲ. ಅಡುಗೆಕಟ್ಟೆ ಗಂಡಸರ ಎತ್ತರಕ್ಕಿದೆ. ಮೂರು ಮನೆಗೂ ಒಂದೇ ಕರೆಂಟ್ ಮೀಟರು, ನಾಳೆ ಮೂವರೂ ಜಡೆ ಹಿಡಿದು ಜಗಳವಾಡುತ್ತಾರೆ. ನಾನು ನೂರಾರು ಮನೆಗೆ ಗಾರೆ ಹೊತ್ತಿದ್ದೆ, ಅಂಥ ಒಂದು ಮನೆಯಲ್ಲೂ ಬಾಳಿರಲಿಲ್ಲ. ಇದೆಲ್ಲ ನನಗೆ ಹೊಳೆದೇ ಇರಲಿಲ್ಲ. ಬೈದುಕೊಂಡೇ ಒಂದೊಂದಾಗಿ ಸರಿಮಾಡಿಸಿದೆ.

"ಗೋಡೆ ನಿಮ್ಮದು ಅಕ್ಕ. ಆದ್ರೆ ಬೀಗದ ಕೈ ಕೊಟ್ಮೇಲೆ ಬಾಗಿಲು ಅವ್ರುದು. ಹೊರಗೇ ನಿಂತು ಕೂಗ್ಬೇಕು" ಎಂದು ಎಷ್ಟೋ ಸಲ ಹೇಳಿದ್ದರು. ಅದೊಂದು ನನ್ನ ತಲೆಗೆ ಹತ್ತಲಿಲ್ಲ. ನನ್ನ ಮನೆಗೆ ನಾನು ಕೂಗಿ ಹೋಗಬೇಕೇ?

ಹಾಗೆಯೇ ಒಂದು ಭಾನುವಾರ ಬಾಗಿಲು ತಳ್ಳಿ ಒಳಗೆ ಹೋದೆ. ಅಕ್ಕಿ ಡಬ್ಬದ ಪಕ್ಕ, ಹಳೇ ಸೀರೆಯಲ್ಲಿ ಅರ್ಧ ಸುತ್ತಿದ್ದ ಒಂದು ಫೋಟೋ ಗೋಡೆಗೆ ಒರಗಿತ್ತು. ಖಾಕಿ ಕೋಟು ತೊಟ್ಟ ಮುದುಕಿ, ಕೊರಳಲ್ಲಿ ಹಾರ. ಕೈಯಲ್ಲಿ ಕಡ್ಡಿಪೊರಕೆಯನ್ನು ಬಂದೂಕಿನ ಹಾಗೆ ನೆಟ್ಟಗೆ ಹಿಡಿದಿದ್ದಳು.

"ಯಾರಿದು?"

"ನಮ್ಮವ್ವ. ನರಸೀಪುರದಲ್ಲಿ ಬೀದಿ ಗುಡಿಸ್ತಿದ್ಲು. ರಿಟೈರಾದ ದಿವ್ಸ ತೆಗೆದಿದ್ದು. ಪೊರಕೆ ಕೆಳಗಿಡವ್ವ ಅಂದೆ. ಇದ್ರಲ್ಲೇ ಕಣೇ ನಿನ್ನ ಓದ್ಸಿದ್ದು, ಯಾಕಿಡ್ಲಿ ಅಂದ್ಲು."

ಸುಳ್ಳು ಹೇಳಿ ನನಗೇನಾಗಬೇಕು? ನನ್ನ ಕಾಲು ಅರ್ಧ ಹೆಜ್ಜೆ ಹಿಂದಕ್ಕೆ ಹೋಯಿತು. ಕೇರಿಯಲ್ಲಿ ಹುಟ್ಟಿದರೂ, ಬೀದಿ ಗುಡಿಸುವವರಿಗಿಂತ ನಾವು ಮೇಲು ಎಂದು ಕೇಳಿಕೊಂಡು ಬೆಳೆದವಳು ನಾನು. ನರ್ಸಮ್ಮ ನನ್ನ ಕಾಲನ್ನೇ ನೋಡಿದರು.

ಆಮೇಲೆ ಹೆಬ್ಬೆರಳು ತೋರಿಸಿದರು. ಬನ್ನೂರಿನ ಮನೆಯಲ್ಲಿ ಈ ಫೋಟೋ ಹಾಕಲೆಂದು ಗುಂಡುಕಲ್ಲಿನಲ್ಲಿ ಮೊಳೆ ಹೊಡೆಯುತ್ತಿದ್ದರಂತೆ. ಓನರು ಗೋಡೆ ಗೋಡೆ ಎಂದು ಕಿರುಚಿಕೊಂಡು ನುಗ್ಗಿದ. ಬೆಚ್ಚಿಬಿದ್ದ ಕೈ ಬೆರಳನ್ನೇ ಜಜ್ಜಿಕೊಂಡಿತು. ಅವನು ಬೆರಳಿನ ಕಡೆ ತಿರುಗಿಯೂ ನೋಡದೆ ಫೋಟೋ ನೋಡಿದ. ಸಂಜೆಗೆ, ನಮ್ಮ ತಮ್ಮ ಬರುತ್ತಾನೆ, ಮನೆ ಖಾಲಿ ಮಾಡಿ ಅಂದ. ಅಂದಿನಿಂದ ಅವ್ವ ಸೀರೆಯೊಳಗೇ ಇದ್ದಾಳೆ.

"ಇಲ್ಲೂ ಹೊಡ್ಯಂಗಿಲ್ಲ, ಅಲ್ವಾ ಅಕ್ಕ?"

"ಗ್ವಾಡೆ ಆಳಾಯ್ತದೆ ನರ್ಸಮ್ಮ" ಅಂದೆ.

ಅವರು ಬೈಯಲಿಲ್ಲ. ಫೋಟೋಗೆ ಸೀರೆ ಪೂರ್ತಿ ಸುತ್ತಿದರು. "ಈ ಮಾತನ್ನ ನಿಮ್ಮ ಬಾಯಲ್ಲೂ ಕೇಳ್ಬೇಕಾಯ್ತಲ್ಲ. ತಿಂಗಳ ಕೊನೆಗೆ ಖಾಲಿ ಮಾಡ್ತೀನಿ."

ನನ್ನ ಕೋಣೆಗೆ ಬಂದು ಕೂತೆ. ಅವರು ಹೋದರೆ ಮೂರೂ ಖಾಲಿ, ಯುಗಾದಿಗೆ ಎದುರುಮನೆಯವನಿಗೆ ಬರೆದುಕೊಡುವುದೇ. ಅದಕ್ಕಿಂತ ಹೆಚ್ಚು ಕೊರೆದದ್ದು ಬೇರೆ. ಮನೇಲಿ ಕೇಳ್ಕೊಂಡು ಬತ್ತೀವಿ ಎಂದು ಹೋದವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಅವರ ಸಾಲಿನಲ್ಲಿ ನನ್ನ ಮುಖವೂ ಇತ್ತು. ಒಲೆಯ ಮೇಲೆ ಸಾರು ಸೀದ ವಾಸನೆ ಬಂದಾಗ ಎದ್ದೆ. ಮಂಚದ ಕೆಳಗಿನ ಚೀಲದಿಂದ ಗಂಡನ ಸುತ್ತಿಗೆಯನ್ನೂ ಒಂದು ಕಾಂಕ್ರೀಟ್ ಮೊಳೆಯನ್ನೂ ತೆಗೆದುಕೊಂಡು ಹೋಗಿ, ಅವರ ಬಾಗಿಲಾಚೆ ನಿಂತೆ.

"ನರ್ಸಮ್ಮಾ, ಒಳೀಕೆ ಬರ್ಬೋದಾ?"

ಹಾಗೆ ಕೇಳಿದ್ದು ಅದೇ ಮೊದಲು. ಬಾಗಿಲು ತೆಗೆದರೆ ಎದುರಿಗೇ ಕಾಣುವ ಗೋಡೆಯನ್ನು ಬೆರಳಿನಿಂದ ತಟ್ಟಿ, ಗಟ್ಟಿ ಜಾಗ ಹುಡುಕಿ, ನಾಲ್ಕೇ ಏಟಿಗೆ ಮೊಳೆ ಇಳಿಸಿದೆ. ಒಂದು ಚಕ್ಕೆ ಉದುರಲಿಲ್ಲ. ನನ್ನ ಗಾರೆ ಅಂಥದ್ದು. ಅವರವ್ವನನ್ನು ನಾನೇ ಎತ್ತಿ ನೇತುಹಾಕಿದೆ.

ನರ್ಸಮ್ಮ ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಮೂಗು ಒರೆಸಿಕೊಂಡು, "ಒಸಿ ಸೊಟ್ಟ ಆಗದೆ ಅಕ್ಕ" ಅಂದರು.

"ನಿಮ್ ಕಣ್ಣು ಸೊಟ್ಟ" ಅಂದೆ.

ಖಾಲಿ ಮಾಡುವ ಮಾತು ಮತ್ತೆ ಬರಲಿಲ್ಲ. ತಾಂಡ್ಯದಲ್ಲಿ ದುಡಿಯುವ ಹೊಸ ಜೋಡಿಯೊಂದನ್ನು ಅವರೇ ಕರೆತಂದರು. ಮೂರನೆಯದನ್ನು ನೋಡಲು ಬಂದ ಮೇಷ್ಟ್ರು ಟೈಲ್ಸ್ ನೋಡಿದರು, ತೆರೆದ ಬಾಗಿಲೊಳಗಿನ ಫೋಟೋ ನೋಡಿದರು. "ನಾವೂ ಮೊಳೆ ಹೊಡೀಬೋದಾ ಅಮ್ಮ?" ಎಂದಷ್ಟೇ ಕೇಳಿದರು. "ಏಳಿ ಸಾ, ನಾನೇ ಒಡ್ದುಕೊಡ್ತೀನಿ" ಅಂದೆ. ಯುಗಾದಿಗೆ ಹತ್ತು ದಿನ ಇರುವಾಗಲೇ ಮೂರೂ ತುಂಬಿದವು. ಅಳಿಯ ಹಬ್ಬಕ್ಕೆ ಬಂದು ಒಬ್ಬಟ್ಟು ತಿಂದು, ಮಾರುವ ಮಾತೆತ್ತದೆ ಬಸ್ಸು ಹತ್ತಿದ.

ಎರಡು ವರ್ಷವಾದ ಮೇಲೆ ಎದುರು ಸಾಲಿನ ಯಜಮಾನನೇ ನನ್ನ ಗೇಟಿಗೆ ಬಂದ. "ಅದೆಂಗಮ್ಮ ನಿನ್ ಮನೆ ಖಾಲಿನೇ ಬೀಳಕಿಲ್ಲ? ನನ್ನವು ಎರಡು ಬೀಗ ಬಿದ್ದವೆ."

"ಮೊಳೆ ಒಡ್ಯಕ್ ಬುಡಿ ಯಜಮಾನ್ರೇ. ಆಗದಿದ್ರೆ ಏಳಿ, ಮಾರೋದಾದ್ರೆ ನಾನೇ ನೋಡ್ತೀನಿ."

ಮೆಟ್ಟಿಲ ಮೇಲೆ ಕೂತಿದ್ದ ನರ್ಸಮ್ಮನಿಗೆ ನಗುವಿನಲ್ಲಿ ಕಾಫಿ ನೆತ್ತಿಗೇರಿತು.

ಅವರು ರಿಟೈರಾಗಿ ನರಸೀಪುರದಲ್ಲಿ, ಅವ್ವ ಗುಡಿಸುತ್ತಿದ್ದ ಬೀದಿಯಲ್ಲೇ ಸ್ವಂತ ಮನೆ ಕಟ್ಟಿಸಿದರು. ಕೆಳಗೆ ತಾವು, ಮೇಲೆ ಬಾಡಿಗೆಗೆ. ಗೃಹಪ್ರವೇಶಕ್ಕೆ ಹೋದೆ. ಗಾರೆ ಚೆನ್ನಾಗಿತ್ತು. ಅಡುಗೆಕಟ್ಟೆ ಸರಿಯಾದ ಎತ್ತರಕ್ಕಿತ್ತು. ಸೋಪಿಡಲೂ ಜಾಗವಿತ್ತು. ಗೋಡೆಗಳು ಮಾತ್ರ ತೊಳೆದ ತಟ್ಟೆಯ ಹಾಗೆ ಬರಿದಾಗಿದ್ದವು. ಹುಡುಕಿದರೆ, ಮಲಗುವ ಕೋಣೆಯ ಮೂಲೆಯಲ್ಲಿ ಅದೇ ಸೀರೆಯ ಗಂಟು.

"ಇದ್ಯಾಕೆ ನರ್ಸಮ್ಮ?"

ಅವರು ಕಪ್ಪು ಉಗುರನ್ನು ಕೆರೆದುಕೊಂಡರು. "ಹೊಸ ಗೋಡೆ ಅಕ್ಕ. ಕೈಯೇ ಬತ್ತಿಲ್ಲ. ಬಿರುಕು ಬಿಟ್ರೆ ಏನ್ ಮಾಡೋದು? ಮೇಲ್ಗಡೆಗೆ ಬರೋರಿಗೂ ಮೊಳೆ ಬ್ಯಾಡ ಅಂತ ಮೊದ್ಲೇ ಹೇಳ್ಬುಡೋಣ ಅಂತಿದ್ದೀನಿ."

ಪಂಕ್ತಿಯಲ್ಲಿ ಊಟಕ್ಕೆ ಕೂತವರೆಲ್ಲ ತಿರುಗಿ ನೋಡುವ ಹಾಗೆ ನಕ್ಕೆ. "ಈಗ ಓನರ್ ಆದ್ರಿ ಬುಡಿ" ಅಂದೆ. ಮನೆ ಕಟ್ಟುವುದು ನನಗೆ ಬರುತ್ತಿತ್ತು. ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಕಲಿಸಿದವರು ಅವರು. ಆ ಪಾಠವನ್ನು ಅವರೇ ಮರೆತರೆ ನಾನು ಸುಮ್ಮನಿರುವವಳೇ?

ಸಂಜೆ ನಂಜನಗೂಡಿಗೆ ವಾಪಸು ಬಂದೆ. ಮಾರನೇ ದಿನ ಬೆಳಗ್ಗೆ ಕಾಫಿಯನ್ನೂ ಕುಡಿಯದೆ, ಗಂಡನ ಸುತ್ತಿಗೆಯನ್ನೂ ಎರಡು ಮೊಳೆಗಳನ್ನೂ ಚೀಲಕ್ಕೆ ಹಾಕಿಕೊಂಡು ನರಸೀಪುರದ ಮೊದಲ ಬಸ್ಸು ಹತ್ತಿದೆ. ಒಂದು ಕೆಳಗಿನ ಮನೆಗೆ, ಒಂದು ಮೇಲಿನದಕ್ಕೆ.