ಇಂಜಿನ್ ಬಂದ್, ಬಾಗಿಲು ಬಂದ್

1984ರ ಡಿಸೆಂಬರ್‌ನ ಒಂದು ಬೆಳಿಗ್ಗೆ, ಬಸವಕಲ್ಯಾಣದಿಂದ ಹುಮನಾಬಾದಿಗೆ ರೋಗಿಯನ್ನು ಒಯ್ಯುತ್ತಿದ್ದ ಜೀಪಿನ ಇಂಜಿನ್ ರಾಜೇಶ್ವರದ ಬಳಿ ನಿಂತಿತು. ಆಗ ನಾನು ಆಸ್ಪತ್ರೆ ಉಪಕರಣಗಳ ಮೆಕ್ಯಾನಿಕ್, ಜೀಪಿನಲ್ಲಿದ್ದೆ.

ರೋಗಿ ನಾರಾಯಣಪುರದ ನೀಲಮ್ಮ. ಗಂಟಲು ಬಾತು ಉಸಿರು ಕಟ್ಟಿದ್ದರಿಂದ ವೈದ್ಯರು ಕುತ್ತಿಗೆಗೆ ರಂಧ್ರ ಮಾಡಿ ನಳಿಕೆ ಕೂಡಿಸಿದ್ದರು. ಮಾತು ಹೊರಡುತ್ತಿರಲಿಲ್ಲ. ನಳಿಕೆಯಲ್ಲಿ ಕಫ ಕಟ್ಟಿದರೆ ಬೆರಳೆತ್ತುವರು. ನರ್ಸ್ ಕಮಲಾಬಾಯಿ ಸಕ್ಷನ್ ಯಂತ್ರದಿಂದ ಅದನ್ನು ಎಳೆದು ತೆಗೆಯುವರು. ಯಂತ್ರಕ್ಕೆ ಬೇಕಾದದ್ದು 230 ವೋಲ್ಟ್, ಮನೆಯ ಕರೆಂಟು. ಜೀಪಿನ ಬ್ಯಾಟರಿ 12 ವೋಲ್ಟ್. 12 ಅನ್ನು 230 ಆಗಿಸಲು ಇನ್ವರ್ಟರ್ ಪೆಟ್ಟಿಗೆ ಇಟ್ಟಿದ್ದೆ. ದಪ್ಪ ವೈರನ್ನು ನೇರ ಬ್ಯಾಟರಿಗೇ ಬಿಗಿದು, ಬುಡದಲ್ಲೇ ಫ್ಯೂಸ್ ಹಾಕಿ, ಪೆಟ್ಟಿಗೆಗೆ ಗಾಳಿಯಾಡಲು ಜಾಗ ಬಿಟ್ಟಿದ್ದೆ. ಬ್ಯಾಟರಿ ಹಳೆಯದು, ಯಂತ್ರ ನಡೆಯುವಾಗ ಇಂಜಿನ್ ಓಡುತ್ತಲೇ ಇರಬೇಕಿತ್ತು.

ನೀಲಮ್ಮ ಬೆರಳೆತ್ತಿದರು. ಕುಲುಕಾಟ ಬೇಡವೆಂದು ಚಾಲಕ ಇಸ್ಮಾಯಿಲ್ ಜೀಪನ್ನು ಪಕ್ಕಕ್ಕೆ ನಿಲ್ಲಿಸಿದರು, ಇಂಜಿನ್ ಓಡುತ್ತಿತ್ತು. ನಾನು ಯಂತ್ರ ಚಾಲೂ ಮಾಡಿದೆ. ಹಿಂದಿನ ಬಾಗಿಲು ತೆರೆದುಕೊಂಡಿತು.

“ಬಂದ್ ಮಾಡ್ರಿ ಇಸ್ಮಾಯಿಲ್ ಭಾಯ್, ಥಂಡಿ ಹೊಡ್ಯಾಕತ್ತದ!” ಎಂದರು ಕಮಲಾಬಾಯಿ.

ಇಸ್ಮಾಯಿಲ್ ಕೀಲಿ ತಿರುಗಿಸಿದರು. ಇಂಜಿನ್ ನಿಂತಿತು. ಮತ್ತೆ ಚಾಲೂ ಮಾಡಹೋದರೆ ಟಕ್ ಎಂದಿತು, ಅಷ್ಟೇ. ಯಂತ್ರದ ಸದ್ದು ಇಳಿಯತೊಡಗಿತು.

“ನಾ ಬಾಗ್ಲ ಅಂದೆ, ನೀವು ಇಂಜಿನ್ನೇ ಬಂದ್ ಮಾಡೀರಲ್ರಿ!”

“ಬಂದ್ ಅಂದ್ರಿ, ಬಂದ್ ಮಾಡ್ದೆ ಸಿಸ್ಟರ್. ಬಾಗ್ಲ ಅಂತ ಎಲ್ಲಿ ಅಂದ್ರಿ?”

ನಾನು ಇನ್ವರ್ಟರ್ ಆರಿಸಿದೆ.

“ಆಕಿ ಬೆರಳು ನೋಡ್ರಿ!” ಎಂದು ಕಮಲಾಬಾಯಿ ಕೂಗಿದರು.

“ಉಳಿದ ಚಾರ್ಜ್ ಇಂಜಿನ್ನಿಗೆ ಬೇಕ್ರಿ ಸಿಸ್ಟರ್. ಇದೂ ಹೋದ್ರ ಗಾಡಿ ಏಳಂಗಿಲ್ಲ,” ಎಂದೆ.

ಹಿಂದೆ ಬರುತ್ತಿದ್ದ ಬಸ್ಸು ನಿಂತಿತು. ಪ್ರಯಾಣಿಕರು ಇಳಿದು, ನಮ್ಮ ಜೊತೆಯಲ್ಲಿದ್ದ ನೀಲಮ್ಮನ ಗಂಡ ಗುಂಡಪ್ಪನೊಂದಿಗೆ ಜೀಪು ತಳ್ಳಲು ಹೆಗಲು ಕೊಟ್ಟರು. ಬೆರಳು ಎತ್ತಿದಂತೆಯೇ ಇತ್ತು, ತುಟಿ ನೀಲಿಗಟ್ಟುತ್ತಿತ್ತು. ಮೂರನೆಯ ಸಲ ತಳ್ಳಿದಾಗ ಇಂಜಿನ್ ಹಿಡಿಯಿತು. ಆ ಕ್ಷಣವೇ ಭಾರ ಹೇರಿದರೆ ಮತ್ತೆ ಕುಸಿಯುತ್ತದೆ. ಬ್ಯಾಟರಿಗೆ ಬಲ ಬಂತೇ ಎಂದು ನೋಡಲು ಹೆಡ್‌ಲೈಟ್ ಹಾಕಿಸಿ, ಅದರ ಕೆಂಪು ಮಂಕು ಬೆಳಕು ಬೆಳ್ಳಗಾಗುವವರೆಗೆ ಕಾದು ಇನ್ವರ್ಟರ್ ಸ್ವಿಚ್ ಒತ್ತಿದೆ.

ಕಫ ಸರಿಯಿತು. ಗಾಳಿ ಒಳಗೆ ಹೋದ ಸದ್ದು ರಸ್ತೆಯಲ್ಲಿದ್ದವರಿಗೂ ಕೇಳಿಸಿತು. ಬೆರಳು ಇಳಿಯಿತು. ತಳ್ಳಿದವರು ಬಸ್ಸು ಹತ್ತಲಿಲ್ಲ. ಗುಡಿಯ ಮುಂದೆ ನಿಂತಂತೆ ಜೀಪಿನ ಹಿಂದೆ ಚಪ್ಪಲಿ ಬಿಟ್ಟು ನಿಂತಿದ್ದರು. ನಾನೇ ಜೋಡಿಸಿದ ಪೆಟ್ಟಿಗೆಯನ್ನು ನಾನೂ ಮೊದಲ ಸಲ ಕಂಡವನಂತೆ ನೋಡುತ್ತಿದ್ದೆ.

ಅಂದಿನಿಂದ ನಮ್ಮ ಜೀಪಿನಲ್ಲಿ ಯಾರೂ ಬರೀ ‘ಬಂದ್’ ಎನ್ನುವಂತಿರಲಿಲ್ಲ. ಇಂಜಿನ್ನೋ ಬಾಗಿಲೋ, ಮೊದಲು ಹೇಳಬೇಕಿತ್ತು.

1986ರ ಬೇಸಿಗೆಯಲ್ಲಿ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನೀಲಮ್ಮನನ್ನು ಕಂಡೆ. ಕೋಳಿಬುಟ್ಟಿ ಹಿಡಿದು ಕಂಡಕ್ಟರನಿಗೆ ಕೂಗಿ ಹೇಳುತ್ತಿದ್ದರು: “ಕೋಳಿಗೂ ಟಿಕೆಟ್ ಕೇಳಾಕತ್ತೀಯಲ್ಲೋ ತಮ್ಮಾ, ಅದೇನ್ ಸೀಟಿನ್ಯಾಗ ಕುಂತದೇನು?”